ಮೂವತ್ತೊಂದನೇ ನಂಬರಿನ ಕೊರಿಯಾ

ಕೇಬಲ್ ಟಿವಿ ನಡೆಸುವವನ ಮುಂದೆ ಜನ ಬಾಯಿ ಬಿಡುವಷ್ಟು ಊರಿನ ಡಾಕ್ಟರ ಮುಂದೆಯೂ ಬಿಡುವುದಿಲ್ಲ. ಯಾವ ಮನೆಯ ಅತ್ತೆ ಯಾವ ಸೀರಿಯಲ್ ನೋಡುತ್ತಾಳೆ, ಸರಿಯಾಗಿ ಆ ಹೊತ್ತಿಗೇ ಯಾವ ಸೊಸೆ ವೈರ್ ಕೀಳುತ್ತಾಳೆ, ಎಲ್ಲ ನಮಗೆ ಗೊತ್ತು. ಹುಮನಾಬಾದಿನಲ್ಲಿ ಹತ್ತು ಹನ್ನೆರಡು ವರ್ಷ ಈ ಧಂದೆ ಮಾಡಿದ ನನಗೆ ನಗೆ ಪ್ರಸಂಗಗಳು ಕಡಿಮೆ ಬೀಳಲಿಲ್ಲ. ಆದರೆ ಕೊರಿಯಾ ದೇಶದ ಒಂದು ಚಾನಲ್ಲಿನಿಂದ ಆದಷ್ಟು ಫಜೀತಿ ಬೇರೆ ಯಾವುದರಿಂದಲೂ ಆಗಲಿಲ್ಲ. ಅದರಲ್ಲಿ ಸಿಕ್ಕಿಬಿದ್ದವರು ನನ್ನ ಮನೆಯವರೇ.

ಮನೆಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ. ನನ್ನ ಅವ್ವ ಮತ್ತು ಬಸವಕಲ್ಯಾಣದಲ್ಲಿದ್ದ ಅವಳ ತಂಗಿ, ಅಂದರೆ ನನ್ನ ಮೌಶಿ, ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ನಮ್ಮ ಅಜ್ಜಿ ತೀರಿಕೊಂಡದ್ದು ಮೌಶಿಯ ಮನೆಯಲ್ಲಿ, ಬೆಳಗಿನ ಜಾವ. ಸುದ್ದಿ ನಮಗೆ ತಡವಾಗಿ ಮುಟ್ಟಿತು. ಅವ್ವ ಹತ್ತಿದ ಬಸ್ಸು ರಾಜೇಶ್ವರದ ಹತ್ತಿರ ಪಂಕ್ಚರ್ ಆಯಿತು. ಅವಳು ಕಲ್ಯಾಣ ಮುಟ್ಟುವಷ್ಟರಲ್ಲಿ ಮಣ್ಣು ಮುಗಿಸಿ ಮಂದಿ ಸ್ನಾನ ಮಾಡಿ ಕೂತಿದ್ದರು. ಹೆತ್ತವಳ ಮುಖ ನೋಡಲು ಅವಳಿಗೆ ಸಿಗಲಿಲ್ಲ. "ನನಗ ಮೂರು ತಾಸು ಕಾಯಲಿಲ್ಲ ನೀವು" ಎಂದು ಅಂಗಳದಲ್ಲೇ ನಿಂತು ಹೇಳಿ, ನೀರು ಸಹ ಕುಡಿಯದೆ ವಾಪಸು ಬಂದಳು.

ಅಂದಿನಿಂದ ಒಬ್ಬರ ಹೆಸರನ್ನು ಒಬ್ಬರು ಎತ್ತುತ್ತಿರಲಿಲ್ಲ. ಇವಳಿಗೆ ಅವಳು "ಕಲ್ಯಾಣದವರು", ಅವಳಿಗೆ ಇವಳು "ಹುಮನಾಬಾದದವರು". ನಡುವೆ ಓಡಾಡುವವನು ನಾನು. ಅವ್ವನಿಗೆ ಅರವತ್ತು ದಾಟಿತ್ತು, ಮೌಶಿಗೆ ಸಕ್ಕರೆ ಕಾಯಿಲೆ. ಹೀಗೇ ಇದ್ದು ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಆ ಅಂಗಳಕ್ಕೆ ಕಾಲಿಡುತ್ತಾರೋ ಇಲ್ಲವೋ ಎಂದು ನನಗೆ ಖರೇ ಹೆದರಿಕೆಯಾಗುತ್ತಿತ್ತು. ಎಷ್ಟೋ ಸಲ ಕೈಮುಗಿದು ಕೇಳಿದ್ದೆ. ಇಬ್ಬರೂ ಜಪ್ಪಯ್ಯ ಎನ್ನಲಿಲ್ಲ.

೧. ಪುಕ್ಕಟೆ ದೇಶ

ಒಂದು ದಿನ ಮಾಳಿಗೆಯ ಮೇಲಿನ ದೊಡ್ಡ ಡಿಶ್ ತಿರುಗಿಸುತ್ತ ಭಕ್ತಿಯ ಚಾನಲ್ ಒಂದನ್ನು ಹುಡುಕುತ್ತಿದ್ದೆ. ದೇವರು ಸಿಗಲಿಲ್ಲ, ಕೊರಿಯಾ ಸಿಕ್ಕಿತು. ಹೊರಗಿನವರಿಗೆ ತಮ್ಮ ದೇಶ ತೋರಿಸಲೆಂದೇ ಅವರು ನಡೆಸುತ್ತಿದ್ದ ಚಾನಲ್ ಅದು. ಮಾತು ಅವರದು, ಕೆಳಗೆ ಇಂಗ್ಲಿಷ್ ಅಕ್ಷರ. ಪುಕ್ಕಟೆ ಬೇರೆ. ಮೂವತ್ತೊಂದನೇ ನಂಬರ್ ಖಾಲಿ ಬಿದ್ದಿತ್ತು, ಹಾಕಿಬಿಟ್ಟೆ. ಕಲ್ಯಾಣದಲ್ಲಿ ಕೇಬಲ್ ನಡೆಸುತ್ತಿದ್ದ ನನ್ನ ದೋಸ್ತನೂ ಹಾಕಿದ.

ನನ್ನ ಆಫೀಸು ಅಂದರೆ ನಮ್ಮ ಮನೆಯ ಪಡಸಾಲೆಯೇ. ಮರುದಿನ ಓಣಿಯ ಕಿರಾಣಿ ಅಂಗಡಿಯವರು ಅಲ್ಲಿಗೆ ಬಂದರು.

"ಏನ್ರಿ, ನೇಪಾಳದ್ದು ಹಾಕೀರಲ್ಲ?"

"ನೇಪಾಳ ಅಲ್ರಿ, ಕೊರಿಯಾ."

"ಯಾವುದರ ಇರ್ಲಿ. ಎಲ್ಲಾರ ಮೋತಿ ಒಂದೇ ನಮೂನಿ ಕಾಣ್ತಾವ. ಕಥಿ ಹ್ಯಾಂಗ ತಿಳೀಬೇಕು?"

ಜೋಳ ಹಸನು ಮಾಡುತ್ತಿದ್ದ ಅವ್ವ ಮೊರದಿಂದ ಕಣ್ಣೆತ್ತದೆ ಹೇಳಿದಳು: "ನನಗ ಒಬ್ಬೊಬ್ಬರೂ ಬ್ಯಾರೆ ಬ್ಯಾರೆ ಗುರ್ತ ಸಿಗ್ತಾರ. ನಿಮ್ಮ ಹಿಂದಿ ಸೀರಿಯಲ್ಲಿನ ಸೊಸ್ತೇರೇ ನನಗ ಗುರ್ತ ಹತ್ತಂಗಿಲ್ಲ. ಎಲ್ಲಾರೂ ಬಂಗಾರ ಹಾಕ್ಕೊಂಡೇ ಮಲಗ್ತಾರ."

೨. ಗಟಾರದ ತಕರಾರು

ಎರಡನೆಯ ತಕರಾರು ನಮ್ಮ ವಾರ್ಡಿನ ಮೆಂಬರರದು. ಆ ಚಾನಲ್ಲಿನಲ್ಲಿ ಸೀರಿಯಲ್ ಇಲ್ಲದ ಹೊತ್ತಿನಲ್ಲಿ ಬರೀ ದೇಶ ತೋರಿಸುತ್ತಿದ್ದರು. ಕನ್ನಡಿಯಂಥ ರಸ್ತೆ, ತೊಳೆದಿಟ್ಟಂಥ ಬಜಾರು, ಹೂಬಿಟ್ಟ ಗಿಡಗಳು. ಒಂದು ಬೀಡಾಡಿ ದನ ಇಲ್ಲ, ಒಂದು ಕಸದ ಗುಂಪಿ ಇಲ್ಲ.

"ಆ ಮೂವತ್ತೊಂದನೇದು ಬಂದ್ ಮಾಡ್ರಿ" ಎಂದರು ಮೆಂಬರರು. "ಹೆಣ್ಮಕ್ಕಳು ನನ್ನ ನಿಂದರಿಸಿ ಕೇಳಾಕತ್ತಾರ. ಅವರ ಗಟಾರ ನೋಡ್ರಿ, ನಮ್ಮ ಗಟಾರ ನೋಡ್ರಿ ಅಂತ."

ಬೀಗರು ಬರುತ್ತಾರೆಂದರೆ ನಾವು ಪಡಸಾಲೆ ಸಾರಿಸಿ ಹಿತ್ತಲ ಬಾಗಿಲು ಮುಚ್ಚುವುದಿಲ್ಲವೇ, ಇದೂ ಹಾಗೆಯೇ, ಅವರು ಚೆಂದ ಇದ್ದದ್ದನ್ನಷ್ಟೇ ತೋರಿಸುತ್ತಾರೆ ಎಂದು ಸಮಾಧಾನ ಹೇಳಿದೆ. ಮೆಂಬರರು ಗಲ್ಲ ಕೆರೆದುಕೊಂಡರು.

"ಹಂಗಾದ್ರ ನಮ್ಮದೂ ಒಂದು ಚಾನಲ್ ಮಾಡ್ರಿ" ಎಂದರು. "ಗಟಾರ ರಿಪೇರಿ ಮಾಡೂದಕ್ಕಿಂತ ಅದು ಸಸ್ತಾ ಬೀಳ್ತದ."

೩. ಕಲ್ಯಾಣದಿಂದ ಹೋದವರು

ಸಂಜೆ ಒಂದು ಮನೆತನದ ಸೀರಿಯಲ್ ಬರುತ್ತಿತ್ತು. ಒಬ್ಬ ಮುದುಕಿ, ಅವಳ ಇಬ್ಬರು ಹೆಣ್ಣುಮಕ್ಕಳು. ಸಣ್ಣವಳು ತಾಯಿಯ ಜೊತೆ, ದೊಡ್ಡವಳು ಪರದೇಶದಲ್ಲಿ. ಸಾಲಿ ಟೀಚರ್ ಆಗಿದ್ದ ನನ್ನ ಹೆಂಡತಿ ಇಂಗ್ಲಿಷ್ ಅಕ್ಷರ ಓದಿ ಅವ್ವನಿಗೆ ಅರ್ಥ ಹೇಳುತ್ತಿದ್ದಳು. ಅವಳು ಟ್ರೇನಿಂಗಿಗೆಂದು ಬೀದರಿಗೆ ಹೋದ ವಾರ ಅವ್ವ ತಾನೇ ಕಥೆ ಕಟ್ಟಿಕೊಂಡು ನೋಡಿದಳು. ಹೆಂಡತಿ ಬಂದು ಖರೇ ಕಥೆ ಹೇಳಿದಾಗ ಅವ್ವನಿಗೆ ಸೇರಲಿಲ್ಲ. "ನಂದೇ ಛಲೋ ಇತ್ತು" ಎಂದಳು.

ನೋಡುತ್ತ ನೋಡುತ್ತ ಅವ್ವ ಒಂದು ಶೋಧ ಮಾಡಿದಳು.

"ಇವರು ನಮ್ಮ ಮಂದಿ" ಎಂದಳು ಒಂದು ಸಂಜೆ. "ನೆಲದ ಮ್ಯಾಲ ಕೂತು ಉಣ್ತಾರ. ಹಿರಿಯಾರಿಗೆ ಹಣಿ ನೆಲಕ್ಕ ಹಚ್ಚಿ ಶರಣು ಮಾಡ್ತಾರ. ಹೆಣ ಸುಡಂಗಿಲ್ಲ, ಮಣ್ಣು ಕೊಡ್ತಾರ. ಹಬ್ಬಕ್ಕ ಗದ್ದಿಗಿಗೆ ಹೋಗಿ ಎಡಿ ಇಡ್ತಾರ. ಕಲ್ಯಾಣದಾಗ ಗದ್ದಲ ಆದಾಗ ಶರಣರೆಲ್ಲ ದಿಕ್ಕಿಗೊಬ್ಬರು ಹೋದ್ರಲ್ಲ? ಎಲ್ಲಾರೂ ಉಳವಿಗೇ ಹೋದ್ರೇನು? ಒಂದಿಷ್ಟು ಮಂದಿ ಇಲ್ಲಿ ಬಂದಾರ ನೋಡು."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಅದೇ ಮನೆತನದವರು ಊಟಕ್ಕೆ ಕೂತರು. ತಾಟಿನಲ್ಲಿ ಎಂಟು ಕಾಲಿನ ಒಂದು ಸಮುದ್ರದ ಪ್ರಾಣಿ, ಅದರ ಕಾಲು ಇನ್ನೂ ಮಿಸುಕುತ್ತಿತ್ತು. ಈಗ ಏನನ್ನುತ್ತಾಳೋ ಎಂದು ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು, ದೀರ್ಘ ಉಸಿರು ಬಿಟ್ಟು ಹೇಳಿದಳು: "ಊರು ಬಿಟ್ಟು ಭಾಳ ದಿನ ಆಗೇದ. ಕೆಟ್ಟಾರ, ಪಾಪ."

ಆ ವಾರ ಕಲ್ಯಾಣಕ್ಕೆ ಹೋದಾಗ ಈ ಶೋಧವನ್ನು ಮೌಶಿಗೆ ಹೇಳಿದೆ. ಅವಳೂ ತಪ್ಪದೆ ಅದೇ ಸೀರಿಯಲ್ ನೋಡುತ್ತಿದ್ದಳು. ನಕ್ಕಾಳು, ಅಕ್ಕನ ನೆನಪಾದೀತು ಎಂಬ ಆಸೆ ನನಗೆ. ಮೌಶಿ ನಗಲಿಲ್ಲ.

"ಅದು ಖರೇ ಅದ" ಎಂದಳು. "ಆದ್ರ ಹೋದವರು ನಮ್ಮ ಕಲ್ಯಾಣದವರು. ಹುಮನಾಬಾದದಿಂದ ಒಬ್ಬರೂ ಹೋಗಿಲ್ಲ ಅಂತ ಅವರಿಗೆ ಹೇಳು."

೪. ಮೂರು ದಿನ

ಮುಂದೆ ಸೀರಿಯಲ್ಲಿನ ಮುದುಕಿ ಸತ್ತಳು. ನಮ್ಮ ಪಡಸಾಲೆಯಲ್ಲಿ ನಾಲ್ಕು ಹೆಂಗಸರು ಕೂತು ಕಣ್ಣೀರು ಒರೆಸಿಕೊಂಡರು. ಒಬ್ಬಳಂತೂ "ಇವತ್ತು ಒಲಿ ಹಚ್ಚಬಾರದೇನು ಮತ್ತ?" ಎಂದು ಕೇಳಿದಳು.

ಮರುದಿನದ ಕಂತಿನಲ್ಲಿ ಮಣ್ಣು ಆಗಬೇಕಿತ್ತು, ಆಗಲಿಲ್ಲ. ಹೆಂಡತಿ ಓದಿ ಹೇಳಿದಳು: "ಮೂರು ದಿನ ಇಡ್ತಾರಂತ್ರಿ ಅತ್ತಿ. ದೊಡ್ಡ ಮಗಳು ವಿಮಾನದಾಗ ಬರಾಕತ್ತಾಳಂತ."

ಅವ್ವ ಕೂತಲ್ಲೇ ಸೆಟೆದಳು. ಮೂರನೆಯ ದಿನ ದೊಡ್ಡ ಮಗಳು ಬಂದಳು, ಬಾಗಿಲಲ್ಲೇ ಕುಸಿದು ಬಿದ್ದಳು. ತಂಗಿ ಅವಳನ್ನು ಎಬ್ಬಿಸಿ ತಾಯಿಯ ಹತ್ತಿರ ಕರೆದೊಯ್ದಳು. ಅವ್ವ ಎದ್ದು ಟಿವಿ ಬಂದ್ ಮಾಡಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮೆಲ್ಲಗೆ ಹೊರಟರು. ಅವಳು ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು, ಊಟಕ್ಕೆ ಕರೆದರೂ ಏಳಲಿಲ್ಲ. ಒಂಬತ್ತು ವರ್ಷ ಅವಳು ಹೊತ್ತುಕೊಂಡಿದ್ದ ದುಃಖ ಎಷ್ಟು ಭಾರದ್ದೆಂದು ಅವತ್ತೇ ನನಗೆ ತಿಳಿದದ್ದು. ಆ ಚಾನಲ್ ಹಾಕಿದ ನನ್ನ ಕೈಗೆ ನಾನೇ ಶಾಪ ಹಾಕಿಕೊಂಡೆ.

"ಅವ್ವಾ, ಅದು ನಾಟಕ" ಎಂದೆ.

"ಗೊತ್ತದ. ಅವರು ನಮ್ಮ ಮಂದಿ ಅಲ್ಲ ಬಿಡು" ಎಂದಳು ಅವ್ವ. "ನಮ್ಮವರಾಗಿದ್ರ ಕಾಯ್ತಿದ್ದಿಲ್ಲ."

೫. ಬರ್ಫ್

ಮರುದಿನ ಮುಂಜಾನೆ ಹತ್ತರ ಸುಮಾರಿಗೆ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಮೌಶಿ! ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಉಸಿರು ಹತ್ತಿತ್ತು. ಒಳಗೆ ಬರಲಿಲ್ಲ, ಆರಾಮಿದ್ದೀಯಾ ಎಂದು ಕೇಳಲಿಲ್ಲ. ಒಂಬತ್ತು ವರ್ಷದ ಮೇಲೆ ಅಕ್ಕನಿಗೆ ಅವಳು ಆಡಿದ ಮೊದಲ ಮಾತು ಇದು:

"ಅವರ ಊರಾಗ ಬರ್ಫ್ ಬಿದ್ದಿತ್ತು, ಅಕ್ಕ!"

ಸೀರಿಯಲ್ಲಿನಲ್ಲಿ ಮುದುಕಿ ಸತ್ತಾಗ ಬಿದ್ದಿದ್ದ ಹಿಮದ ಮಾತು ಅದು.

"ಗಿಡದ ಮ್ಯಾಲ ಬರ್ಫ್, ಗ್ವಾಡಿ ಮ್ಯಾಲ ಬರ್ಫ್. ಮೂರು ದಿನ ಏನು, ಮೂರು ತಿಂಗಳು ಇಡಬಹುದು. ನಮ್ಮ ಅವ್ವ ಹೋದದ್ದು ಮೇ ತಿಂಗಳಾಗ. ತಗಡಿನ ಮನಿ, ಕರೆಂಟ್ ಇಲ್ಲ. ಮಧ್ಯಾಹ್ನದ ತನಕ ಬೀಸಣಿಕಿಲೆ ಗಾಳಿ ಹಾಕ್ಕೋತ ನಿನ್ನ ದಾರಿ ನೋಡಿದೆ. ಇನ್ನ ಇಡಬ್ಯಾಡ ಅಂದ್ರು ಹಿರಿಯಾರು. ನಾ ಏನು ಮಾಡ್ಲಿ? ಹೇಳು!"

ಬೀಸಣಿಗೆಯ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಅದನ್ನು ಕೇಳುವಷ್ಟು ಹೊತ್ತು ಅವತ್ತು ಅಲ್ಲಿ ನಿಂತಿರಲೇ ಇಲ್ಲ.

"ಬರ್ಫ್ ನಾನೂ ನೋಡೀನಿ" ಎಂದಳು ಅವ್ವ.

"ನೋಡಿ ಮತ್ತ ನನ್ನ ಮ್ಯಾಲ ಸಿಟ್ಟು ಮಾಡಿದೇನು?"

"ಮಾಡಿದೆ. ಮತ್ತ್ಯಾರ ಮ್ಯಾಲ ಮಾಡ್ಲಿ?" ಅವ್ವ ಕೈಯಲ್ಲಿದ್ದ ಮೊರ ಬದಿಗಿಟ್ಟಳು. "ಒಳಗ ಬಾ, ಬಿಸಿಲದ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋಗಿ, ಒಲೆಯ ಮುಂದೆ ನಿಂತು ಅತ್ತೆ. ಚಹಾದ ಕಪ್ಪು-ಬಸಿ ತಂದಾಗ ಇಬ್ಬರೂ ಪಕ್ಕ ಪಕ್ಕ ಕೂತಿದ್ದರು, ಕಣ್ಣು ಕೆಂಪಾಗಿದ್ದವು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದೆ ಟಿವಿ ಹಚ್ಚಿದ್ದರು. ಮೂವತ್ತೊಂದನೇ ನಂಬರಿನಲ್ಲಿ ಅಡಿಗೆ ಕಲಿಸುವ ಕಾರ್ಯಕ್ರಮ. ಹೂವಿನ ಚಿತ್ರದ ಬಟ್ಟೆ ಸುತ್ತಿಕೊಂಡು, ನಗುನಗುತ್ತ, ಕೋಸುಗಡ್ಡೆಗೆ ಖಾರ ಹಚ್ಚುತ್ತಿದ್ದವಳು ಬೇರೆ ಯಾರೂ ಅಲ್ಲ, ಸೀರಿಯಲ್ಲಿನಲ್ಲಿ ಸತ್ತ ಮುದುಕಿ.

ಮೌಶಿಯ ಬಸಿಯಿಂದ ಚಹಾ ಚೆಲ್ಲಿತು. "ಅಕ್ಕ! ಆ ಮುದುಕಿ ನೋಡಲ್ಲಿ!"

ಅವ್ವ ಚಷ್ಮಾ ಒರೆಸಿ ಹಾಕಿಕೊಂಡು ನೋಡಿದಳು. ಆಮೇಲೆ ತಂಗಿಯ ಕಡೆ ತಿರುಗಿ ಹೇಳಿದಳು: "ಅದಕ್ಕೇ ಮೂರು ದಿನ ಇಡಬೇಕು ಅನ್ನೂದು."

ಮುಗಿಯಿತು, ಇನ್ನು ಒಂಬತ್ತು ವರ್ಷ ಎಂದುಕೊಂಡೆ. ಮೌಶಿ ಬಸಿ ಕೆಳಗಿಟ್ಟಳು.

"ಆಯ್ತು" ಎಂದಳು. "ನಿನ್ನ ಪಾಳಿ ಬಂದಾಗ ಮೂರು ದಿನ ಇಡ್ತೀನಿ."

ಅವ್ವನ ತುಟಿ ಮೊದಲು ಅದುರಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ನಗು ತಡೆಯಲಾರದೆ ತಂಗಿಯ ತೊಡೆಗೆ ಒಂದು ಏಟು ಹಾಕಿ ಹೇಳಿದಳು:

"ಹಂಗಾದ್ರ ಥಂಡ್ಯಾಗ ಹೋಗ್ತೀನಿ ತಗೋ."