ಪಿಸ್ತೂಲು ಮುಟ್ಟದ ಪಿಸ್ತೂಲು ಪಂಡಿತ

ಜೀವಮಾನದಲ್ಲಿ ಒಂದೇ ಒಂದು ಗುಂಡು ಹಾರಿಸದೆ, ಅಷ್ಟೇಕೆ, ಪಿಸ್ತೂಲನ್ನು ಕಿರುಬೆರಳಿನಿಂದಲೂ ಮುಟ್ಟದೆ ಪಿಸ್ತೂಲು ಪಂಡಿತರೆನಿಸಿಕೊಂಡವರು ಇಡೀ ಸೌದಿ ಅರೇಬಿಯಾದಲ್ಲಿ ಯಾರಾದರೂ ಇದ್ದರೆ ಅವರು ನನ್ನ ಭಾವ! ನನ್ನ ಹೆಂಡತಿಯ ಸ್ವಂತ ಅಣ್ಣ. ಆದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಬರೆದರೆ ಭಾವ ನಕ್ಕು ಸುಮ್ಮನಾಗುತ್ತಾರೆ. ಅವರ ತಂಗಿ ಸುಮ್ಮನಾಗುವವಳಲ್ಲ.

ಭಾವ ಅಲ್ ಖೋಬರಿನ ಥುಕ್ಬಾದಲ್ಲಿ ಒಬ್ಬ ಸೌದಿ ಹಿರಿಯರ ಅಂಗಡಿ ನೋಡಿಕೊಳ್ಳುತ್ತಿದ್ದರು. ನಲ್ಲಿ, ಪೈಪು, ಕಮೋಡುಗಳ ಅಂಗಡಿ. ಹೆಂಡತಿ ಮಕ್ಕಳು ಪುತ್ತೂರಿನಲ್ಲಿ; ಇವರು ಇಲ್ಲಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಶುಕ್ರವಾರ ಜುಮಾ ನಮಾಜು ಮುಗಿಸಿ ಊಟಕ್ಕೆ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದರು. ಮೀನು ಸಾರು ಉಣ್ಣುತ್ತಾ ಆ ವಾರ ತಾವು ಯಾವ ವಸ್ತುವನ್ನು ಹೇಗೆ ಆರಿಸಿದೆವೆಂದು ವರದಿ ಒಪ್ಪಿಸುತ್ತಿದ್ದರು.

ಹೌದು, ಆರಿಸುವುದೇ ಅವರ ಹುಚ್ಚು. ಕೊಳ್ಳುವುದಲ್ಲ, ಆರಿಸುವುದು! ನಮಗೊಂದು ಮಿಕ್ಸಿ ಬೇಕೆಂದಾಗ ಅವರು ಮನೆಯಿಂದಲೇ ನೆನೆಸಿದ ಅಕ್ಕಿ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲೇ ಒಂದೊಂದು ಮಿಕ್ಸಿಯಲ್ಲೂ ರುಬ್ಬಿಸಿ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. ಅಂಗಡಿಯ ಮಲಯಾಳಿ ಬೇಸತ್ತು, “ಇಕ್ಕಾ, ಚಟ್ನಿಯೂ ಇಲ್ಲೇ ಅರೆದುಬಿಡಿ, ನಾವೂ ತಿಂಡಿ ತಿನ್ನುತ್ತೇವೆ” ಎಂದ. ಭಾವ ಅದನ್ನು ಸದುದ್ದೇಶದ ಸಲಹೆಯೆಂದೇ ತಿಳಿದು ಮರುದಿನ ತೆಂಗಿನಕಾಯಿ ತುರಿದುಕೊಂಡು ಹೋದರು!

ಇಂಥವರ ಬದುಕಿನೊಳಗೆ ಪಿಸ್ತೂಲು ಹೇಗೆ ಬಂತು ಅಂತೀರಾ? ಹಲ್ಲಿನಿಂದ ಬಂತು.

ಅಂಗಡಿಯ ಯಜಮಾನರಿಗೆ, ಅಂದರೆ ಭಾವನಿಗೆ ವೀಸಾ ಕೊಟ್ಟ ಕಫೀಲರಿಗೆ, ಎಪ್ಪತ್ತು ದಾಟಿತ್ತು. ಕಾರು ತಾವೇ ಓಡಿಸಬೇಕು, ಬ್ಯಾಂಕಿಗೆ ತಾವೇ ಹೋಗಬೇಕು, ಅಂಗಡಿಗೆ ಬಂದು ಭಾವನ ಕೈಯ ಕಡಕ್ ಚಹಾ ಕುಡಿದೇ ತೀರಬೇಕು. ಒಂದು ಸಂಜೆ ಅವರು ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಇಬ್ಬರು ಗಾಜು ಒಡೆದು, ಅವರನ್ನು ನೂಕಿ, ಸೀಟಿನ ಮೇಲಿದ್ದ ಚರ್ಮದ ಚೀಲ ಕಸಿದು ಓಡಿದರು. ಚೀಲದೊಳಗೆ ಇದ್ದದ್ದು ದಂತವೈದ್ಯರಿಂದ ಆಗಷ್ಟೇ ತಂದಿದ್ದ ಹೊಸ ಹಲ್ಲಿನ ಸೆಟ್ಟು! ಅದನ್ನು ಬಿಚ್ಚಿ ನೋಡಿದಾಗ ಕಳ್ಳರ ಮುಖ ಹೇಗಾಗಿರಬಹುದೆಂದು ಭಾವ ಎಷ್ಟೋ ದಿನ ನೆನೆದು ನಗುತ್ತಿದ್ದರು. ಆದರೆ ಯಜಮಾನರು ನಗಲಿಲ್ಲ. ಬಿದ್ದ ಪೆಟ್ಟಿಗಿಂತ ಹೆಚ್ಚು ನೋವಾದದ್ದು ಅವರ ಗಂಡುಮಕ್ಕಳ ಮಾತಿನಿಂದ: “ಅಪ್ಪಾ, ಇನ್ನು ಸಾಕು. ಮನೆಯಲ್ಲಿ ಕೂತಿರಿ.”

ಮುದುಕರು ಕೂರಲಿಲ್ಲ. ಎಲ್ಲೆಲ್ಲೋ ಓಡಾಡಿ ಪಿಸ್ತೂಲಿನ ಪರವಾನಗಿ ಮಾಡಿಸಿಕೊಂಡು ನೇರವಾಗಿ ಅಂಗಡಿಗೆ ಬಂದರು. ಅವರು ಭಾವನನ್ನು ಪ್ರೀತಿಯಿಂದ ಮುಹಂದಿಸ್, ಎಂದರೆ ಎಂಜಿನಿಯರ್, ಎಂದು ಕರೆಯುತ್ತಿದ್ದರು. ಭಾವ ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಸಲಕ್ಕೆ.

“ಯಾ ಮುಹಂದಿಸ್, ನನಗೊಂದು ಪಿಸ್ತೂಲು ಬೇಕು. ಬಟ್ಟೆಯೊಳಗೆ ಇಟ್ಟುಕೊಂಡರೆ ಯಾರಿಗೂ ಗೊತ್ತಾಗಬಾರದು. ನನ್ನ ಮಕ್ಕಳಿಗಂತೂ ಗೊತ್ತಾಗಲೇಬಾರದು. ನೀನು ಆರಿಸು.”

ನೀನು ಆರಿಸು! ಆ ಎರಡು ಶಬ್ದ ಕೇಳಿದ ಭಾವನ ಮುಖ ಈದ್ ಚಂದ್ರನಂತೆ ಬೆಳಗಿತಂತೆ.

ಶುಕ್ರವಾರ ಊಟಕ್ಕೆ ಕೂತಾಗ ಇದನ್ನು ಕೇಳಿದ ನಾನು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ. “ಭಾವ, ನಾವು ಪರದೇಶಿಗಳು. ನಮಗೂ ಪಿಸ್ತೂಲಿಗೂ ಎಂತ ಸಂಬಂಧ? ಯಾರಾದರೂ ಕೇಳಿಸಿಕೊಂಡರೆ ಇಲ್ಲಿ ವಾಸದ ಇಕಾಮಾ ಹೋಗುತ್ತದೆ, ಜೊತೆಗೆ ನಾವೂ ಹೋಗುತ್ತೇವೆ!”

“ಪಿಸ್ತೂಲು ಅಂತ ಯಾಕೆ ಹೇಳುವುದು ಮಾರಾಯ? ನಲ್ಲಿ ಅಂತ ಹೇಳಿದರಾಯಿತು” ಎಂದರು ಭಾವ.

ಅಂದಿನಿಂದ ಪಿಸ್ತೂಲು ನಲ್ಲಿಯಾಯಿತು, ಗುಂಡು ಹನಿಯಾಯಿತು. ಯೂಟ್ಯೂಬಿನಲ್ಲಿ ಕಂಡದ್ದನ್ನೆಲ್ಲ ಅಂಗಡಿಯಿಂದಲೇ ಫೋನು ಮಾಡಿ ನನಗೆ ಪಾಠ ಹೇಳತೊಡಗಿದರು.

“ಸಣ್ಣ ನಲ್ಲಿ ಸೊಂಟಕ್ಕೆ ಒಳ್ಳೆಯದು. ಆದರೆ ಆರೇ ಹನಿ. ದೊಡ್ಡದರಲ್ಲಿ ಹನಿ ಜಾಸ್ತಿ, ಆದರೆ ಕೂತಾಗ ಹೊಟ್ಟೆಗೆ ಒತ್ತುತ್ತದೆ. ಅವಸರಕ್ಕೆ ಹನಿ ಬರದೆ ಸಿಕ್ಕಿಕೊಂಡರೆ ದೊಡ್ಡ ಫಜೀತಿ. ಎಂತ ಹೇಳ್ತೀ?”

ನಾನು ಏನಾದರೂ ಹೇಳುವ ಮೊದಲೇ ಅತ್ತ ಕಡೆ ಇನ್ನೊಂದು ದನಿ ಕೇಳಿಸಿತು. ವಾಶರ್ ಕೊಳ್ಳಲು ಬಂದಿದ್ದ ಭಟ್ಕಳದ ವ್ಯಾಪಾರಿಯೊಬ್ಬರು. ಕನ್ನಡ ಬಲ್ಲವರು. ಭಾವನ ಹೆಗಲ ಮೇಲೆ ಕೈಯಿಟ್ಟು ಬಹಳ ಕನಿಕರದಿಂದ ಹೇಳುತ್ತಿದ್ದರು: “ಭಾಯಿ, ನಾಚಿಕೊಳ್ಳಬೇಡಿ. ಈ ವಯಸ್ಸಿಗೆ ಗಂಡಸರಿಗೆ ಇದು ಬರುವುದೇ. ನನಗೂ ಇತ್ತು. ದಮ್ಮಾಮಿನಲ್ಲಿ ಒಳ್ಳೆಯ ಡಾಕ್ಟರ್ ಇದ್ದಾರೆ.”

ನಲ್ಲಿಯ ಆಯ್ಕೆ ಹೇಗೋ ಎರಡು ಮೂರು ಮಾದರಿಗೆ ಬಂದು ನಿಂತಿತು. ನಿಜವಾದ ತಲೆನೋವು ಅದನ್ನು ಇಡುವ ಒರೆಯದು. ಇಂಗ್ಲಿಷ್ ವೀಡಿಯೋಗಳಲ್ಲಿ ಪಿಸ್ತೂಲನ್ನು ಬೆಲ್ಟಿಗೆ ಸಿಕ್ಕಿಸಿ ಮೇಲೆ ಕೋಟು ಹಾಕುತ್ತಾರೆ. ನಮ್ಮ ಮುದುಕರು ತೊಡುವುದು ಥೋಬ್. ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಿಳಿ ನಿಲುವಂಗಿ. ಬೆಲ್ಟೂ ಇಲ್ಲ, ಕೋಟೂ ಇಲ್ಲ! ಕಂಕುಳಿಗೆ ಕಪ್ಪು ಚರ್ಮದ ಒರೆ ಕಟ್ಟಿದರೆ ಬಿಸಿಲಿನಲ್ಲಿ ತೆಳು ಬಟ್ಟೆಯ ಮೂಲಕ ಎಕ್ಸ್‌ರೇ ತೆಗೆದಂತೆ ಕಾಣುತ್ತದೆ. ಕಾಲಿಗೆ ಕಟ್ಟಬಹುದು, ಆದರೆ ಮಂಡಿನೋವಿನ ಮುದುಕರು ಬಗ್ಗಿ ತೆಗೆದು ಮತ್ತೆ ಎದ್ದು ನಿಲ್ಲುವವರೆಗೆ ಕಳ್ಳರು ಕಾಯಬೇಕಲ್ಲ?

ಭಾವ ಉಪಾಯ ಹೂಡಿದರು. ಥೋಬಿನ ಪಕ್ಕದ ಜೇಬಿನ ತಳ ಕತ್ತರಿಸುವುದು. ಒಳಗೆ ತೊಡುವ ಬಿಳಿ ಇಜಾರಿನ ಸೊಂಟಕ್ಕೆ ಒರೆ ಸಿಕ್ಕಿಸುವುದು. ಜೇಬಿಗೆ ಕೈ ಹಾಕಿದಂತೆ ಮಾಡಿದರೆ ಕೈ ನೇರವಾಗಿ ಪಿಸ್ತೂಲಿಗೆ ಹೋಗುತ್ತದೆ. ಆಹಾ!

ಒರೆ ಹೊಲಿಯಲು ಪೇಶಾವರದ ಒಬ್ಬ ಮೋಚಿ ಸಿಕ್ಕಿದ. ಅಳತೆಗೆ ಪಿಸ್ತೂಲು ಎಲ್ಲಿಂದ ತರುವುದು? ಆಟಿಕೆ ಪಿಸ್ತೂಲು ಹಿಡಿದು ಬೀದಿಯಲ್ಲಿ ನಡೆಯುವ ಧೈರ್ಯ ಭಾವನಿಗೂ ಇರಲಿಲ್ಲ. ಅವರು ಒಂದು ದಪ್ಪ ನೇಂದ್ರ ಬಾಳೆಹಣ್ಣು ಒಯ್ದರು. ಮೋಚಿ ಹಣ್ಣನ್ನೂ ಭಾವನ ಮುಖವನ್ನೂ ನೋಡಿ, “ಚಾಕುವಿಗೆ ಹೊಲಿದಿದ್ದೇನೆ, ಕತ್ತಿಗೆ ಹೊಲಿದಿದ್ದೇನೆ. ಬಾಳೆಹಣ್ಣಿಗೆ ಇದೇ ಮೊದಲು, ಭಾಯಿಸಾಬ್. ಸಿಪ್ಪೆ ಸಮೇತವೋ, ಸುಲಿದೋ?” ಎಂದು ಕೇಳಿದನಂತೆ.

ಬಾಳೆಹಣ್ಣಿಗೆ ಪಿಸ್ತೂಲಿನ ಭಾರ ಬರಬೇಕಲ್ಲ? ಕಡಲತೀರದಲ್ಲಿ ಗಾಳ ಹಾಕುವವರು ಬಳಸುವ ಸೀಸದ ಗುಂಡುಗಳನ್ನು ತಂದು ಒರೆಯ ತಳಕ್ಕೆ ಸುರಿದರು. ಅಂತೂ ಒರೆಯೊಳಗೆ ಗುಂಡು ಬಿತ್ತು!

ಆ ಶುಕ್ರವಾರ ಭಾವ ಥೋಬ್ ತೊಟ್ಟು ನಮ್ಮ ಮನೆಗೆ ಬಂದರು. ಊಟಕ್ಕೆ ಮೊದಲು ಪಡಸಾಲೆಯ ನಡುವೆ ನಿಂತು, “ನೀನೇ ಕಳ್ಳ. ಬಾ ನೋಡುವಾ” ಎಂದು ನನಗೆ ಅಪ್ಪಣೆ ಮಾಡಿದರು. ನಾನು ಹಲ್ಲು ಕಚ್ಚಿ, ಕಣ್ಣು ದೊಡ್ಡದು ಮಾಡಿ ಮುಂದೆ ಬಂದೆ. ಭಾವ ಸರ್ರನೆ ಜೇಬಿಗೆ ಕೈ ಹಾಕಿದರು. ಕೈ ಹೋಯಿತು. ಮಣಿಕಟ್ಟಿನವರೆಗೂ ಹೋಯಿತು. ವಾಪಸು ಬರಲಿಲ್ಲ! ಎಳೆದಾಡಿದಂತೆಲ್ಲ ಸೀಸದ ಭಾರಕ್ಕೆ ಇಜಾರಿನ ಇಲಾಸ್ಟಿಕ್ ಸೋತು, ಒರೆ ಸಮೇತ ಇಜಾರು ಪಾದಕ್ಕೆ ಕುಸಿಯಿತು. ಥೋಬಿನ ಅಂಚಿನಡಿಯಿಂದ ಹಣ್ಣು ಉರುಳಿ ಹೊರಗೆ ಬಂತು.

ಎರಡನೇ ಕ್ಲಾಸಿನ ನನ್ನ ಮಗಳು ಅಡುಗೆಮನೆಗೆ ಓಡಿದಳು. “ಮಮ್ಮೀ, ಕಮ್ ಫಾಸ್ಟ್! ಮಾಮ ಬನಾನಾ ಇಟ್ಟರು!”

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಭಾವ ಇಜಾರಿಗೆ ಲಾಡಿ ಹಾಕಿಸಿ, ಅದೇ ವೇಷದಲ್ಲಿ ಸೂಪರ್ ಮಾರ್ಕೆಟ್ಟಿಗೆ ಹೋದರು. ಜನರ ನಡುವೆ ಪರೀಕ್ಷೆಯಾಗಬೇಡವೇ? ನಾನು ಗಾಡಿ ತಳ್ಳುತ್ತಾ ಹಿಂದೆ. ಅಕ್ಕಿಯ ಸಾಲಿನ ಹತ್ತಿರ ಲಾಡಿಯೂ ಸಡಿಲವಾಗತೊಡಗಿತು. ಭಾವ ಒಂದು ಕೈಯಲ್ಲಿ ಸೊಂಟದ ಬದಿಯನ್ನು ಒತ್ತಿ ಹಿಡಿದು, ಮೊಣಕಾಲು ಜೋಡಿಸಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬಾಗಿಲ ಕಡೆಗೆ ಹೊರಟರು. ಬಾಗಿಲ ಪಕ್ಕದ ಔಷಧದ ಅಂಗಡಿಯಿಂದ ಈಜಿಪ್ಟಿನ ಫಾರ್ಮಸಿಸ್ಟ್ ಇದನ್ನು ನೋಡಿದ. ಓಡಿ ಬಂದು ಭಾವನನ್ನು ಕುರ್ಚಿಯ ಮೇಲೆ ಕೂರಿಸಿದ. “ಏನೂ ಹೇಳಬೇಡಿ, ನಡಿಗೆ ನೋಡಿದರೇ ಗೊತ್ತಾಗುತ್ತದೆ. ಹರ್ನಿಯಾ!” ಎಂದವನೇ ಹೊಟ್ಟೆಗೆ ಸುತ್ತುವ ಅಗಲವಾದ ಬೆಲ್ಟೊಂದನ್ನು ತಂದು ಮುಂದೆ ಹಿಡಿದ.

ಭಾವ ಬೆಲ್ಟನ್ನು ಎಳೆದರು. ಮಡಚಿದರು. ಅಂಟಿಸಿ ಕಿತ್ತರು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಮೈಬಣ್ಣ! ಹೊರಗೆ ಕಾಣುವುದಿಲ್ಲ. ಎಷ್ಟು ಭಾರ ಹಾಕಿದರೂ ಜಾರುವುದಿಲ್ಲ. ಇಷ್ಟು ದಿನ ಹುಡುಕಿದ್ದು ಇದನ್ನೇ ಮಾರಾಯ!”

ರೋಗಿ ಇಷ್ಟು ಖುಷಿಪಟ್ಟದ್ದನ್ನು ಆ ಪಾಪದ ಈಜಿಪ್ಟಿಯನ್ ತನ್ನ ಸರ್ವಿಸಿನಲ್ಲೇ ಕಂಡಿರಲಿಕ್ಕಿಲ್ಲ.

ಹರ್ನಿಯಾ ಬೆಲ್ಟಿಗೆ ಒರೆ ಹೊಲಿಸಿಯಾಯಿತು. ಇನ್ನು ಪಿಸ್ತೂಲು ಕೊಳ್ಳುವುದೊಂದೇ ಬಾಕಿ. ಯಜಮಾನರು, ಭಾವ, ಜೊತೆಗೆ ರಜೆ ಹಾಕಿದ ನಾನು, ಮೂವರೂ ಪರವಾನಗಿ ಇದ್ದವರಿಗೆ ಮಾತ್ರ ಮಾರುವ ಬಂದೂಕಿನ ಅಂಗಡಿಗೆ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ಸಾಲು ಸಾಲು ಪಿಸ್ತೂಲು! ಭಾವ ಮಂತ್ರಮುಗ್ಧರಾಗಿ ಬೆರಳು ಚಾಚಿದರು.

“ಮಮ್ನೂ!” ಎಂದ ಅಂಗಡಿಯ ಸೌದಿ ಯುವಕ. ನಿಷೇಧ! ಪರದೇಶಿಗಳು ಮುಟ್ಟುವಂತಿಲ್ಲ, ಆ ಗೆರೆಯ ಆಚೆ ನಿಲ್ಲಬೇಕು.

ಅಷ್ಟೆಲ್ಲ ಕಲಿತ ಪಂಡಿತರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಗೆರೆಯ ಆಚೆ ನಿಂತರು. ಯಜಮಾನರನ್ನು ಅವರು ಕರೆಯುವುದು ಅಮ್ಮಿ, ಎಂದರೆ ಅರಬಿಯಲ್ಲಿ ಚಿಕ್ಕಪ್ಪ, ಎಂದು. ಅಲ್ಲಿಂದಲೇ ನಿರ್ದೇಶನ. “ಯಾ ಅಮ್ಮಿ, ಅದಲ್ಲ, ಅದರ ಎಡಗಡೆಯದು. ಹಾಂ, ಅದೇ. ಖಾಲಿ ಉಂಟಾ ಅಂತ ಮೊದಲು ನೋಡಿಸಿ. ಕೊಳವೆ ಗೋಡೆಯ ಕಡೆಗೆ. ನನ್ನ ಕಡೆಗಲ್ಲ, ಗೋಡೆಯ ಕಡೆಗೆ!”

ಯುವಕ ಖಾಲಿ ಪಿಸ್ತೂಲನ್ನು ಯಜಮಾನರ ಕೈಗೆ ಕೊಟ್ಟು, ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ಹೇಳಿದ. ಗುಂಡು ನಳಿಗೆಗೆ ಏರಬೇಕಾದರೆ ಅದನ್ನು ಎಳೆಯಲೇಬೇಕು. ಮುದುಕರು ಎಳೆದರು. ಅದು ಅಲುಗಲಿಲ್ಲ. ಥೋಬಿನ ತೋಳು ಮೇಲೇರಿಸಿ ಮತ್ತೆ ಎಳೆದರು. ಕೈ ನಡುಗತೊಡಗಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಪಿಸ್ತೂಲೇ ನಡುಗಿತು. ಯುವಕ ರಿವಾಲ್ವರ್ ಕೊಟ್ಟು ನೋಡಿದ. ಅದನ್ನು ಎಳೆಯಬೇಕಾಗಿಲ್ಲ, ಕುದುರೆ ಒತ್ತಿದರೆ ಸಾಕು. ಮುದುಕರು ಎರಡು ಬೆರಳು ಸೇರಿಸಿ ಒತ್ತುವಾಗ ಅದರ ಮೂತಿ ಗೋಡೆಯಿಂದ ಏಸಿಗೆ, ಏಸಿಯಿಂದ ಯುವಕನ ಕಡೆಗೆ ತೂರಾಡಿತು. ಯುವಕ ಪಕ್ಕಕ್ಕೆ ಸರಿದು, ನಗು ತಡೆಯಲು ಮುಖ ತಿರುಗಿಸಿದ.

ನಾನು ಭಾವನನ್ನು ನೋಡಿದೆ. ಅವರು ನಗುತ್ತಿರಲಿಲ್ಲ.

“ಯಾ ಅಮ್ಮಿ, ಕೆಳಗಿಡಿ ಅದನ್ನು” ಎಂದರು ಭಾವ, ಅಂಗಡಿಗೆಲ್ಲ ಕೇಳುವ ಹಾಗೆ. “ಮಾಲು ಸರಿಯಿಲ್ಲ. ಸ್ಪ್ರಿಂಗ್ ತುಕ್ಕು ಹಿಡಿದಿರಬೇಕು. ಜವ್ವನಿಗರಿಂದಲೂ ಎಳೆಯಲಿಕ್ಕಾಗದು.”

“ಹೊಸ ಮಾಲು!” ಎಂದು ಯುವಕ ಸಿಡುಕಿದ. “ಬೇಕಾದರೆ ನಾನೇ ಎಳೆದು ತೋರಿಸುತ್ತೇನೆ.”

“ನೀನು ತೋರಿಸುವುದು ಬೇಡ ತಮ್ಮಾ. ಆ ಪಕ್ಕದ್ದರ ಹಿಡಿ ಜಾರುತ್ತದೆ, ನಾನು ಓದಿದ್ದೇನೆ. ಅದರ ಆಚೆಯದು ಸೆಕೆಗೆ ಸಿಕ್ಕಿಕೊಳ್ಳುತ್ತದೆ. ಆ ಮೂಲೆಯದ್ದರ ಮಾತು ಆಡುವುದೇ ಬೇಡ.” ಹೀಗೆ ಆ ಪೆಟ್ಟಿಗೆಯಲ್ಲಿದ್ದ ಒಂದೊಂದು ಪಿಸ್ತೂಲಿಗೂ ಒಂದೊಂದು ರೋಗ ಹುಡುಕಿದರು. ತಿಂಗಳುಗಟ್ಟಲೆ ಕೂತು ತಾವೇ ಆರಿಸಿದ್ದ ಮಾದರಿಗೂ!

ಯಜಮಾನರು ರಿವಾಲ್ವರನ್ನು ಗಾಜಿನ ಮೇಲಿಟ್ಟರು. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಭಾವನನ್ನೇ ನೋಡಿದರು.

“ನನ್ನ ಅಂಗಡಿಯಲ್ಲಿ ಇಷ್ಟು ವರ್ಷ ನೀನು ಪ್ರತಿಯೊಂದು ನಲ್ಲಿಯೂ ಒಳ್ಳೆಯದು ಅಂತ ಮಾರಿದೆ, ಮುಹಂದಿಸ್. ಇಲ್ಲಿ ಒಂದೂ ಒಳ್ಳೆಯದಿಲ್ಲವಾ?”

“ಇಲ್ಲ ಅಮ್ಮಿ. ವಲ್ಲಾಹಿ, ಒಂದೂ ಇಲ್ಲ” ಎಂದರು ಭಾವ. ಆಣೆ ಹಾಕಿ ಸುಳ್ಳು ಹೇಳಿದ್ದಕ್ಕೆ ಆಮೇಲೆ ಅವರು ಮೂರು ಉಪವಾಸ ಹಿಡಿದದ್ದು ನನಗೂ ನನ್ನ ಹೆಂಡತಿಗೂ ಮಾತ್ರ ಗೊತ್ತು.

ಮುದುಕರು ಥೋಬಿನ ತೋಳನ್ನು ಕೆಳಗಿಳಿಸಿ, “ಯಲ್ಲಾ, ಹಾಗಾದರೆ ಹೋಗುವ” ಎಂದು ಹೊರಗೆ ನಡೆದರು. ಬರುವಾಗ ತಾವೇ ಕಾರು ಓಡಿಸಿಕೊಂಡು ಬಂದವರು, ಹೋಗುವಾಗ ಬೀಗದ ಕೈಯನ್ನು ಭಾವನ ಅಂಗೈಯಲ್ಲಿಟ್ಟು ಪಕ್ಕದ ಸೀಟಿನಲ್ಲಿ ಕೂತರು.

ಆಮೇಲಿಂದ ಬ್ಯಾಂಕಿಗೆ, ಆಸ್ಪತ್ರೆಗೆ, ಮುದುಕರು ಎಲ್ಲಿಗೆ ಹೊರಟರೂ ಭಾವ ಜೊತೆಗಿರುತ್ತಿದ್ದರು. ಅವರ ಗಂಡುಮಕ್ಕಳೂ ಒಪ್ಪಿದರು. ಒಂದು ದಿನ ಬ್ಯಾಂಕಿನ ಮೆಟ್ಟಿಲ ಮೇಲೆ ಇಬ್ಬರನ್ನೂ ಕಂಡೆ. ಪಾರ್ಕಿಂಗಿನ ಎರಡೂ ಕಡೆ ನೋಡುತ್ತಾ, ಎದೆ ಉಬ್ಬಿಸಿಕೊಂಡು ಭಾವ ನಿಂತಿದ್ದರು. ಎದೆ ಉಬ್ಬಿಸಿದರೂ ಐವತ್ತೆರಡು ಕಿಲೋ!

ಶುಕ್ರವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಅಲ್ಲ ಭಾವ, ಆ ಕಳ್ಳರು ನಿಜವಾಗಿಯೂ ಮತ್ತೆ ಬಂದರೆ ನೀವು ಎಂತ ಮಾಡುತ್ತೀರಿ?”

“ಎಂತ ಮಾಡುವುದು ಮಾರಾಯ? ಓಡುವುದು” ಎಂದರು ಭಾವ, ಮೀನಿನ ಮುಳ್ಳು ಬಿಡಿಸುತ್ತಾ.

ನಾವೆಲ್ಲ ಗೊಳ್ಳೆಂದು ನಕ್ಕೆವು. ಭಾವನೂ ನಕ್ಕರು. ಆಮೇಲೆ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿ, ತಲೆಯೆತ್ತದೆ ಹೇಳಿದರು: “ಅವರಿಗೆ ಮಂಡಿನೋವು ಉಂಟಲ್ಲ, ಜೋರು ಓಡಲಿಕ್ಕಾಗುವುದಿಲ್ಲ. ಅವರ ಕೈ ಹಿಡಿದುಕೊಂಡು, ನಿಧಾನ ಓಡುವುದು.”