ಕ್ಲಾರಿಯ ಉಯಿಲಿಗೆ ಇಬ್ಬರು ಸಾಕ್ಷಿ

ಎಪ್ಪತ್ತೊಂಬತ್ತು ವರ್ಷ ಕ್ಲಾರಿಗೆ ಉಯಿಲಿನ ನೆನಪೇ ಬಂದಿರಲಿಲ್ಲ. ಹೋಬಾರ್ಟಿನ ಆಸ್ಪತ್ರೆಯಲ್ಲಿ ನಾಡಿದ್ದು ಎದೆ ಕೊಯ್ಯುತ್ತಾರೆ ಎಂದಾಗ ಬಂತು. ಉಯಿಲಿಲ್ಲದೆ ಕಣ್ಣುಮುಚ್ಚಿದರೆ ಮನೆ, ದೋಣಿ, ಕೋಳಿ ಎಲ್ಲವೂ ಸಿಡ್ನಿಯ ತಂಗಿಮಗನ ಪಾಲು. ಆ ಮಹಾರಾಯ ಒಂಬತ್ತು ವರ್ಷದಿಂದ ಒಂದು ಕ್ರಿಸ್‌ಮಸ್ ಕಾರ್ಡನ್ನೂ ಹಾಕಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಕ್ಲಾರಿಯನ್ನು ನೋಡಿಕೊಂಡದ್ದು ಅವನ ಪುಟ್ಟ ಊರಿನವರು. ಆ ಉಪಕಾರ ನೆನೆದು ಎಲ್ಲವನ್ನೂ ಅವರಿಗೇ ಬರೆದ.

ಮರುದಿನ ಬೆಳಿಗ್ಗೆ ಅವನ ಲಾಯರಮ್ಮ ಫೋನ್ ಮಾಡಿದಳು. "ಇಬ್ಬರು ಸಾಕ್ಷಿ ನಿಮ್ಮೆದುರಿಗೇ ಕೂತು ಸೈನ್ ಹಾಕ್ಬೇಕು. ಉಯಿಲಲ್ಲಿ ಹೆಸರಿರೋರು ಮಾತ್ರ ಬೇಡ, ಅವರ ಪಾಲು ಹೋಗ್ಬಿಡುತ್ತೆ."

ಪಕ್ಕದ ಮನೆಯ ನೋರೀನ್ ಕರೆಯದೆಯೇ ಪೆನ್ನು ಹಿಡಿದು ಬಂದಳು.

"ನಂಗೇನು ಬರ್ದಿದೀಯ?"

"ಪಿಯಾನೋ."

"ಅಯ್ಯೋ! ಹಾಗಾದ್ರೆ ನಾನು ಸೈನ್ ಹಾಕಲ್ಲಪ್ಪ!"

ಅಂಚೆ ಕಚೇರಿಯ ಐವಿಗೆ ಕೋಳಿಗಳು ಬರುವುದಿತ್ತು, ಅವಳು ಕೈಕಟ್ಟಿ ನಿಂತಳು. ಮೀನಂಗಡಿಯ ಬರ್ಟ್ ದೋಣಿಯ ಸುದ್ದಿ ಕೇಳಿ ಕ್ಲಾರಿಯನ್ನು ಅಪ್ಪಿಕೊಂಡ, ಸೈನ್ ಮಾತ್ರ ಹಾಕಲಿಲ್ಲ. ಊರೆಲ್ಲ ಸುತ್ತಿ ಕ್ಲಾರಿಯ ಕಾಲು ಬಿದ್ದುಹೋಯಿತು.

"ನೀನು ಏನೂ ಬರೀದೇ ಇರೋರು ಇಬ್ಬರೇ," ಎಂದಳು ನೋರೀನ್. "ಎದುರುಮನೆ ರೆಗ್ಗು, ಅವನ ಹೆಂಡ್ತಿ ಮೇವಿಸ್ಸು."

ಕ್ಲಾರಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಹನ್ನೊಂದು ವರ್ಷದ ಹಿಂದೆ ಊರಿನ ಕೃಷಿ ಮೇಳದಲ್ಲಿ ತೀರ್ಪುಗಾರನಾಗಿದ್ದ ರೆಗ್, ಕ್ಲಾರಿಯ ಕುಂಬಳಕಾಯಿಗೆ ಎರಡನೇ ಬಹುಮಾನ ಕೊಟ್ಟಿದ್ದ. ಅಂದಿನಿಂದ ಮಾತಿಲ್ಲ. ಆದರೆ ಹೋಬಾರ್ಟ್ ಬಸ್ಸು ನಾಲ್ಕಕ್ಕೆ ಹೊರಡುತ್ತಿತ್ತು. ಮೂರಕ್ಕೆ ಕ್ಲಾರಿ ಅವರ ಬಾಗಿಲು ತಟ್ಟಿದ.

"ಕುಂಬಳಕಾಯಿ ವಿಷಯ ಆದ್ರೆ ಹಾಗೇ ಹೊರಡು," ಎಂದ ರೆಗ್.

"ಉಯಿಲಿಗೆ ಸಾಕ್ಷಿ ಬೇಕು."

"ನಮಗೇನು ಬರ್ದಿದೀಯ?"

"ಒಂದು ಮೊಳೇನೂ ಇಲ್ಲ."

"ಪರವಾಗಿಲ್ಲ, ನೇರವಾಗಿ ಹೇಳ್ತೀಯ. ಬಾ ಒಳಗೆ."

ಮೇವಿಸ್ ಚಹಾ ಇಟ್ಟಳು. ಕ್ಲಾರಿ ಸೈನ್ ಹಾಕಿದ, ರೆಗ್ ಹಾಕಿದ. ಮೇವಿಸ್ ಕನ್ನಡಕ ಹುಡುಕತೊಡಗಿದಳು.

"ಬೇಗ ಹಾಕೇ ಮಾರಾಯ್ತಿ," ಎಂದ ರೆಗ್. "ನಾಳೆ ಬೆಳಿಗ್ಗೆ ಕಸದ ಲಾರಿ ಬರುತ್ತೆ. ಇವನ ಬಿನ್ನು ರಸ್ತೆಗೆ ಎಳೀಬೇಕು."

ಕ್ಲಾರಿ ಬೆಚ್ಚಿದ. "ನನ್ನ ಬಿನ್ನು ಎಳೆಯೋದು ನೀನಾ?"

"ಮತ್ಯಾರು? ನಿನ್ನ ಹೆಂಡ್ತಿ ತೀರ್ಕೊಂಡ ವಾರದಿಂದ ಎಳೀತಿದೀನಿ, ಆರು ವರ್ಷ ಆಯ್ತು. ಅದೇನು ತಾನಾಗೇ ನಡ್ಕೊಂಡು ಹೋಗುತ್ತೆ ಅಂದ್ಕೊಂಡಿದ್ಯಾ?"

ಅದು ನೋರೀನಳ ಕೆಲಸವೆಂದು ಕ್ಲಾರಿ ನಂಬಿದ್ದ. ಪಿಯಾನೋ ಬರೆದದ್ದೂ ಅರ್ಧ ಅದಕ್ಕೇ. ಮಾತಿಲ್ಲದ ಮನುಷ್ಯ ಪ್ರತಿವಾರ ಸದ್ದಿಲ್ಲದೆ ಬಂದು ಹೋಗಿದ್ದ! ಕ್ಲಾರಿ ಮೇವಿಸಳ ಕೈಯಿಂದ ಉಯಿಲು ಕಿತ್ತುಕೊಂಡು ಪರಪರ ಹರಿದುಹಾಕಿದ.

"ದೋಣೀಲಿ ಅರ್ಧ ನಿಂದು ರೆಗ್! ಹೊಸದಾಗಿ ಬರೀತೀನಿ!"

"ಅಯ್ಯೋ ಮಂಕೇ! ನಮಗೂ ಬರೆದ್ರೆ ಸಾಕ್ಷಿ ಯಾರು ಹಾಕ್ತಾರೋ?" ಎಂದ ರೆಗ್.

ಅಷ್ಟರಲ್ಲಿ ಲಾಯರಮ್ಮನ ಫೋನು. "ಎಲ್ಲಾ ಮುಗೀತಾ ಕ್ಲಾರಿ?"

"ಇಲ್ಲಮ್ಮ," ಮೂಗು ಒರೆಸಿಕೊಳ್ಳುತ್ತ ಕ್ಲಾರಿ ಹೇಳಿದ. "ನಂಗೆ ಯಾವತ್ತೂ ಏನೂ ಒಳ್ಳೇದು ಮಾಡದೇ ಇರೋರು ಇಬ್ಬರು ಇದ್ರೆ ನಾಲ್ಕು ಗಂಟೆಯೊಳಗೆ ಕಳಿಸಮ್ಮ. ನಮ್ಮೂರಲ್ಲಿ ಅಂಥೋರು ಖಾಲಿಯಾದ್ರು."