ದೊಡ್ಡಿಗೆ ಹೋದ ಕುರಿ, ಶಾಲೆಗೆ ಹೋದ ನಾನು

ನನ್ನ ಬಿ.ಎ. ಪದವಿಗೆ ಮೂಲ ಕಾರಣ ಒಂದು ಕುರಿ ಕಳ್ಳತನ. ಕದ್ದವರು ನಮ್ಮೂರ ಪಂಚಾಯ್ತಿ ಚೇರ್ಮನ್ನರು! ಹೀಗೆಂದರೆ ಅವರ ಕಡೆಯವರಿಗೆ ಇಂದಿಗೂ ಸಿಟ್ಟು ಬರುತ್ತದೆ. ಬರಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಆ ಮೆಟ್ಟಿಲಿನವರೆಗೆ ಹೇಗೆ ಬಂದೆ ಎಂದು ಹೇಳುವ ಹಕ್ಕು ನನಗಲ್ಲದೆ ಇನ್ನಾರಿಗಿದೆ?

ಅಂಜನಾಪುರದ ನಾಲೆ ಹಾಯುವ ಊರು ನಮ್ಮದು, ಶಿಕಾರಿಪುರ ತಾಲೂಕು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಚೇರ್ಮನ್ನರೆಂದರೆ ಬಿಳಿ ಟೋಪಿ, ಬೇಸಿಗೆಯಲ್ಲೂ ಬಿಚ್ಚದ ಕರಿ ಕೋಟು, ಬಗಲಲ್ಲೊಂದು ಕೊಡೆ. ಓದಿದ್ದು ಮೂರನೇ ಕ್ಲಾಸು. ವಿದ್ಯೆಯ ಮೇಲೆ ಭಾಷಣ ಮಾಡಲು ಅಷ್ಟು ವಿದ್ಯೆ ಧಾರಾಳವಾಗಿ ಸಾಕು ಎಂಬುದಕ್ಕೆ ಅವರೇ ಸಾಕ್ಷಿ. ಮದುವೆ ಊಟದ ಪಂಕ್ತಿಯಲ್ಲಿ ಎದ್ದು ನಿಂತರೆಂದರೆ ಪಾಯಸ ತಣ್ಣಗಾಗುವವರೆಗೂ ಶಾಲೆಯದೇ ಮಾತು. ಒಮ್ಮೆ ಸಾವಿನ ಮನೆಯಲ್ಲೂ ಎದ್ದು ನಿಂತರು. ಹೋದವರು ಹೋದರು, ಇರುವ ಮಕ್ಕಳು ಸೋಮವಾರದಿಂದ ತಪ್ಪದೆ ಶಾಲೆಗೆ ಬರಬೇಕು ಎಂದರು. ಅಳುತ್ತಿದ್ದವರೆಲ್ಲ ಗಕ್ಕನೆ ಅಳು ನಿಲ್ಲಿಸಿದರು. ಇದಕ್ಕೂ ಸಾಂತ್ವನ ಎನ್ನಬಹುದೇನೋ!

ಊರಿಗೆ ಮಿಡ್ಲ್ ಸ್ಕೂಲು ತಂದವರು ಅವರೇ, ಅದನ್ನು ಒಪ್ಪಬೇಕು. ಆದರೆ ಬಂದ ಮೇಷ್ಟ್ರು ನಿಲ್ಲಬೇಕಲ್ಲ? ಮೂರು ತಿಂಗಳಿಗೊಬ್ಬರು ವರ್ಗ ಮಾಡಿಸಿಕೊಂಡು ಓಡುತ್ತಿದ್ದರು. ಚೇರ್ಮನ್ನರು ಉಪಾಯ ಹೂಡಿದರು. ಸೊರಬದ ಕಡೆಯ ಬ್ರಹ್ಮಚಾರಿ ಮೇಷ್ಟ್ರೊಬ್ಬರನ್ನು ಹಿಡಿದು ತಂದು, ನಮ್ಮೂರಲ್ಲೇ ಹೆಣ್ಣು ನೋಡಿ, ತಾವೇ ನಿಂತು ಮದುವೆ ಮಾಡಿಸಿದರು. ಅಳಿಯ ಊರು ಬಿಟ್ಟು ಎಲ್ಲಿ ಹೋದಾನು ಎಂಬ ಲೆಕ್ಕಾಚಾರ. ಆದರೆ ಮದುಮಗಳಿಗೆ ಗಂಡನ ಊರು ನೋಡುವ ಆಸೆ. ವರ್ಷ ತುಂಬುವುದರೊಳಗೆ ವರ್ಗದ ಅರ್ಜಿ ಹೋಯಿತು. "ನಂಗೆ ಇಲ್ಲೇ ಇರೋಕೆ ಇಷ್ಟ ಮಾರಾಯ್ರೆ, ನಿಮ್ಮೂರ ಹುಡುಗಿನೇ ಕೇಳ್ತಿಲ್ಲ" ಎಂದು ಮೇಷ್ಟ್ರು ಹೇಳಿ ಹೋದರಂತೆ.

ಇನ್ನು ಕಳ್ಳತನದ ಕಥೆ. ನಾಲ್ಕನೇ ಕ್ಲಾಸು ಮುಗಿದದ್ದೇ ಅಪ್ಪ ನನ್ನ ಕೈಗೆ ಕೋಲು ಕೊಟ್ಟು ಕುರಿ ಹಿಂದೆ ಕಳಿಸಿದ್ದ. ಹದಿನೆಂಟು ಕುರಿ, ಒಂದು ಮೇಕೆ. ಚೇರ್ಮನ್ನರು ಅಪ್ಪನಿಗೆ ಮೂರು ಸಲ ಬುದ್ಧಿ ಹೇಳಿದರು. ಅಪ್ಪ ಮೂರು ಸಲವೂ ಹೌದೆಂದು ತಲೆಯಾಡಿಸಿ ಕುರಿ ಬಿಡಲು ಎದ್ದು ಹೋದ. ಒಂದು ದಿನ ಶಾಲೆಯ ಹೊತ್ತಿಗೆ ನಾನು ನಾಲೆಯ ಏರಿ ಮೇಲೆ ಕೂತಿದ್ದೆ. ಚೇರ್ಮನ್ನರು ಕೊಡೆ ಬೀಸುತ್ತ ಬಂದರು. ನನ್ನ ಕಡೆ ತಿರುಗಿಯೂ ನೋಡದೆ ಇಡೀ ಹಿಂಡನ್ನು ಹೊಡೆದುಕೊಂಡು ಹೋಗಿ, ಪಂಚಾಯ್ತಿಯ ದನದ ದೊಡ್ಡಿಗೆ ತುಂಬಿ ಬೀಗ ಜಡಿದರು. ಪರರ ಪೈರು ಮೇಯುವ ತುಡುಗು ದನಗಳಿಗೆ ಇರುವ ಜೈಲು ಅದು. ನಾನು ಅಳುತ್ತ ಮನೆಗೆ ಓಡಿದೆ. ಅಪ್ಪ ದಂಡ ಕಟ್ಟಲೇಬೇಕಾದರೆ ಕಟ್ಟೋಣವೆಂದು ದೊಡ್ಡಿಗೆ ಬಂದ.

"ನನ್ ಕುರಿ ಯಾರ ಹೊಲಕ್ಕೆ ನುಗ್ಗಿದ್ವು, ಹೇಳ್ರಿ" ಎಂದ.

"ಕುರಿದೇನೂ ತಪ್ಪಿಲ್ಲ. ನಿನ್ ಮಗಳು ಸ್ಕೂಲಿಗೆ ಬಂದಿಲ್ಲ. ಅವಳು ಬಂದ್ರೆ ಇವು ಹೊರಗೆ ಬರ್ತಾವೆ."

"ಅವಳು ಅಲ್ಲಿ ಕೂತ್ರೆ ಇವನ್ನ ಯಾರು ಕಾಯ್ತಾರ್ರಿ? ನೀವು ಕಾಯ್ತೀರೇನು?"

ಸುತ್ತ ಜನ ಸೇರಿದ್ದರು. ಚೇರ್ಮನ್ನರಿಗೆ ಜನ ಕಂಡರೆ ಹಿಂದೆ ಸರಿದು ಗೊತ್ತಿಲ್ಲ. "ಹ್ಞೂಂ, ಕಾಯ್ತೀನಿ" ಎಂದುಬಿಟ್ಟರು.

ಕಾಯ್ದರು ಕೂಡ! ಕೋಟು, ಟೋಪಿ, ಕೊಡೆ ಸಮೇತ. ಮಧ್ಯಾಹ್ನದ ಬಿಸಿಲಿಗೆ ಹಿಂಡು ನಿಲ್ಲುತ್ತಿದ್ದುದು ಬೇರೆಲ್ಲೂ ಅಲ್ಲ, ಅವರದೇ ಹೊಲದಲ್ಲಿ. ಕುರಿ ನಿಂತ ಹೊಲಕ್ಕೆ ಬೇರೆ ಗೊಬ್ಬರ ಬೇಕೆ? ಮುಂದಿನ ಮಳೆಗಾಲಕ್ಕೆ ಅವರ ಜೋಳ ಆಳೆತ್ತರ ಬಂತು. ನನ್ನ ವಿದ್ಯೆಯಿಂದ ಮೊದಲು ಲಾಭ ಪಡೆದದ್ದು ಅವರ ಜೋಳ ಎಂದು ನಾನು ಬರೆದರೆ ಅದು ಅಪಪ್ರಚಾರವೇ? ಪಂಚಾಯ್ತಿ ಸಭೆಯೂ ಹೊಲಕ್ಕೇ ಬಂತು. ಮೆಂಬರುಗಳು ಬದುವಿನ ಮೇಲೆ ಕೂತರು, ಸೆಕ್ರೆಟರಿ ಠರಾವಿನ ಪುಸ್ತಕ ಬಿಚ್ಚಿದ. ಬೀದಿ ದೀಪದ ಠರಾವಿಗೆ ಎಲ್ಲರ ಸಹಿ ಆಯಿತು. ಇನ್ನೊಂದು ವಿಷಯಕ್ಕೆ ಜಗಳ ನಡೆದಿರುವಾಗ ನಮ್ಮ ಮೇಕೆ ಆ ಹಾಳೆಯನ್ನು ಸಾವಕಾಶವಾಗಿ ತಿಂದು ಮುಗಿಸಿತು. ನಮ್ಮೂರಿಗೆ ದೀಪ ತಡವಾಗಿ ಬಂದದ್ದಕ್ಕೆ ಸರಕಾರವನ್ನು ಬೈಯುವವರಿಗೆ ಈ ಸಂಗತಿ ತಿಳಿಯದು.

ಒಂದು ಸಂಜೆ ಚೇರ್ಮನ್ನರು ಹಿಂಡನ್ನು ನಮ್ಮ ಹಟ್ಟಿಗೆ ತಂದು, ಬೇಕಾದರೆ ಎಣಿಸಿಕೋ ಎಂದು ಎದೆ ಸೆಟೆಸಿ ನಿಂತರು. ಅಪ್ಪ ಕುರಿಗಳನ್ನು ಎಣಿಸುವವನಲ್ಲ, ಒಂದೊಂದರ ಮುಖ ನೋಡುವವನು.

"ಹದಿನೆಂಟು ಸರಿಯಾಗೇ ಅದಾವ್ರಿ. ಆದ್ರೆ ಅದರಾಗೆ ಐದು ನಮ್ಮವಲ್ಲ" ಎಂದ.

ಏರಿ ಮೇಲೆ ಬೇರೆಯವರ ಹಿಂಡು ಅಡ್ಡ ಬಂದಿತ್ತಂತೆ. ಇವರು ತಲೆ ಎಣಿಸಿ ಹದಿನೆಂಟನ್ನು ಬೇರ್ಪಡಿಸಿ ತಂದಿದ್ದರು! ಎರಡು ದಿನ ಎರಡೂರಿನ ನಡುವೆ ಕುರಿಗಳ ಅದಲುಬದಲು ನಡೆಯಿತು. ಶಾಲೆಯ ಹಾಜರಿಯನ್ನೂ ಅವರು ಹೀಗೆಯೇ ನೋಡುತ್ತಿದ್ದರು ಎಂಬುದು ನನ್ನ ಗುಮಾನಿ. ತಲೆ ಇದ್ದರಾಯಿತು, ಯಾರದಾದರೇನು?

ಹೀಗೇ ಎಂಟನೇ ಕ್ಲಾಸು ದಾಟಿದೆ. ಮುಂದೆ ಹೈಸ್ಕೂಲು ಇದ್ದದ್ದು ಶಿಕಾರಿಪುರದಲ್ಲಿ. ಅಪ್ಪ ಸಾಕು ಎಂದ. ಉಡುತಡಿ ಕಡೆಯ ಗಂಡೊಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ನಾನು ಎರಡು ದಿನ ಉಣ್ಣಲಿಲ್ಲ. ಅಪ್ಪ ನೋಡಿಯೂ ನೋಡದಂತಿದ್ದ. ಮೂರನೆಯ ದಿನ ಸಂಜೆ ಚೇರ್ಮನ್ನರು ಬಂದು ಜಗಲಿ ಮೇಲೆ ಕೂತರು. ಭಾಷಣ ಉದ್ದವಾದೀತೆಂದು ಅವ್ವ ಒಲೆಯ ಉರಿ ತಗ್ಗಿಸಿದಳು. ನಾನು ಬಾಗಿಲ ಹಿಂದೆ ನಿಂತೆ.

ಅವರು ಈ ಸಲ ಎದ್ದು ನಿಲ್ಲಲಿಲ್ಲ. ಕೂತಲ್ಲೇ ನೆಲ ನೋಡುತ್ತ ಶುರು ಮಾಡಿದರು.

"ನನ್ ಮಗಳನ್ನ ಕುಬಟೂರಿಗೆ ಕೊಟ್ಟೀನಲ್ಲ. ಅವಳ ಕಾಲಕ್ಕೆ ಇಲ್ಲಿ ಸ್ಕೂಲು ಇರ್ಲಿಲ್ಲ ಅಂತ ಎಲ್ರಿಗೂ ಹೇಳ್ತೀನಿ. ಇತ್ತು. ನಾನೇ ಕಳಿಸ್ಲಿಲ್ಲ. ಮೊನ್ನೆ ಹಬ್ಬಕ್ಕೆ ಬಂದಾಗ ತನ್ನ ಮಗನ ಪುಸ್ತಕ ತಂದು, ಇದರಾಗೆ ಏನೈತಿ ಓದಿ ಹೇಳಪ್ಪ ಅಂದ್ಲು. ದಿನಾ ಅವನು ಓದೋವಾಗ ಪಕ್ಕದಾಗೆ ಕೂತು, ಎಲ್ಲಾ ತಿಳಿದಂಗೆ ತಲೆ ಆಡಿಸ್ತಾಳಂತೆ. ಅಷ್ಟೇ ಹೇಳಾಣ ಅಂತ ಬಂದೆ."

ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಅಪ್ಪ ಎದ್ದು ಹಟ್ಟಿಯ ಕಡೆ ನಾಲ್ಕು ಹೆಜ್ಜೆ ಹೋದ. ಅಲ್ಲೇ ಬೆನ್ನು ಮಾಡಿ ನಿಂತುಕೊಂಡೇ ಕೇಳಿದ:

"ಶಿಕಾರಿಪುರದ ಬಸ್ಸು ಬೆಳಗ್ಗೆ ಎಷ್ಟೊತ್ತಿಗೆ ಬರ್ತೈತ್ರಿ?"

ಅಪ್ಪ ನೋಡುತ್ತಿಲ್ಲವೆಂಬುದನ್ನೂ ಮರೆತು ಚೇರ್ಮನ್ನರು ಎಂಟು ಬೆರಳು ಎತ್ತಿ ಹಿಡಿದರು.